ಉತ್ತರ ಬರುವ ತನಕ

ಫೋನಿನಲ್ಲಿ ನನ್ನ ಜೊತೆ ಮಾತಾಡುವವರೆಲ್ಲ ನಡುನಡುವೆ "ಹಲೋ, ಹಲೋ" ಎಂದು ಕೂಗುತ್ತಾರೆ. ಲೈನ್ ಕಟ್ ಆಯಿತೆಂದು ಅವರ ಎಣಿಕೆ. ಕಟ್ ಆಗಿರುವುದಿಲ್ಲ. ನಾನು ಅವರನ್ನು ಏನೋ ಕೇಳಿರುತ್ತೇನೆ, ಉತ್ತರಕ್ಕೆ ಕಾಯುತ್ತಿರುತ್ತೇನೆ, ಅಷ್ಟೆ. "ಊಟ ಆಯ್ತಾ?" ಎಂದು ಕೇಳಿ, ಆ ಕಡೆಯವರು ಬಾಯಿ ತೆರೆಯುವ ಮೊದಲೇ "ನಮ್ಮದೂ ಆಯ್ತು, ಇವತ್ತು ಬಸಳೆ ಮಾಡಿದ್ದೆ" ಎಂದು ಮುಂದುವರಿಯುವುದು ಲೋಕದ ಪದ್ಧತಿ. ನನಗದು ಬರುವುದಿಲ್ಲ. ಕೇಳಿದ ಮೇಲೆ ಬಾಯಿ ಮುಚ್ಚಿ ಕೂರುತ್ತೇನೆ. ತರಕಾರಿಯವನ ಹತ್ತಿರ "ಈ ಬದನೆಯಲ್ಲಿ ಹುಳ ಇಲ್ಲ ತಾನೆ?" ಎಂದು ಕೇಳಿ ಅವನ ಮುಖವನ್ನೇ ನೋಡುತ್ತ ನಿಂತರೆ, ಅವನು ಕಕ್ಕಾಬಿಕ್ಕಿಯಾಗಿ ಬದನೆಯದಷ್ಟೇ ಅಲ್ಲ, ಬೆಂಡೆಯ ಸತ್ಯವನ್ನೂ ಹೇಳಿಬಿಡುತ್ತಾನೆ. ನನ್ನನ್ನು ನೋಡಲು ಬಂದ ದಿನ ನನ್ನ ಯಜಮಾನರನ್ನು "ನಿಮಗೆ ಸಿಗರೇಟಿನ ಅಭ್ಯಾಸ ಇದೆಯಾ?" ಎಂದು ಕೇಳಿ ನಾನು ಸುಮ್ಮನೆ ಕೂತಿದ್ದೆನಂತೆ. ಅವರು ಮೊದಲು ಇಲ್ಲ ಎಂದರು, ಆಮೇಲೆ ಯಾವಾಗಲಾದರೊಮ್ಮೆ ಎಂದರು, ಕೊನೆಗೆ ಜೇಬಿನಿಂದ ಪ್ಯಾಕೆಟ್ಟನ್ನೇ ತೆಗೆದು ಮೇಜಿನ ಮೇಲಿಟ್ಟರು. ಈಗಲೂ ಅದನ್ನು ನೆನೆದು ನನ್ನನ್ನು ಪೊಲೀಸಿನವಳು ಎನ್ನುತ್ತಾರೆ.

ಈ ಚಾಳಿ ಹುಟ್ಟಿನಿಂದ ಬಂದದ್ದಲ್ಲ. ಕಾಲೇಜಿನಲ್ಲಿ ಫೀಸು ಕಟ್ಟಿ ಕಲಿತದ್ದು.

ಎಪ್ಪತ್ತರ ದಶಕದ ಮೊದಲ ವರ್ಷಗಳು. ನಾವು ಮುಂಬಯಿಯ ವಡಾಲದ ಒಂದು ಕಾಲನಿಯಲ್ಲಿದ್ದೆವು. ಒಂದು ರೂಮು, ಒಂದು ಅಡಿಗೆಮನೆ, ಬಟ್ಟೆ ಒಣಗಿಸಲು ಮಾತ್ರ ಸಾಲುವ ಬಾಲ್ಕನಿ. ಅಪ್ಪ ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದರು. ಅಣ್ಣ ಸದಾನಂದ ಬೈಕುಲ್ಲಾದ ಒಂದು ವರ್ಕ್‌ಶಾಪಿನಲ್ಲಿ ಲೆಕ್ಕ ಬರೆಯುತ್ತಿದ್ದ. ನಾನು ಹಾರ್ಬರ್ ಲೈನಿನ ಲೋಕಲ್ ಹಿಡಿದು ಬೋರಿಬಂದರದಲ್ಲಿಳಿದು ಕಾಲೇಜಿಗೆ ನಡೆದು ಹೋಗುತ್ತಿದ್ದೆ. ಬಿ.ಎ.ಗೆ ಸೈಕಾಲಜಿ ತೆಗೆದುಕೊಂಡದ್ದು ಮನುಷ್ಯರ ಮನಸ್ಸಿನ ಮೇಲಿನ ಆಸೆಯಿಂದ ಎಂದು ಬರೆದರೆ ಚೆನ್ನಾಗಿರುತ್ತದೆ. ಆದರೆ ನಿಜ ಹೇಳಬೇಕಲ್ಲ? ಎಕನಾಮಿಕ್ಸ್ ಕ್ಲಾಸು ರಸ್ತೆಯ ಬದಿಗಿತ್ತು, ಬಸ್ಸಿನ ಹಾರನ್ ಬಿಟ್ಟು ಬೇರೇನೂ ಕೇಳುತ್ತಿರಲಿಲ್ಲ. ಸೈಕಾಲಜಿಯ ರೂಮಿಗೆ ಸಮುದ್ರದ ಗಾಳಿ ಬರುತ್ತಿತ್ತು. ಎರಡು ದಿನ ಎರಡೂ ಕಡೆ ಕೂತು ನೋಡಿ ಗಾಳಿಯನ್ನು ಆರಿಸಿಕೊಂಡೆ.

ಅಪ್ಪ ಗಲ್ಲಾದಿಂದಲೇ ಪರಿಚಯದವರಿಗೆಲ್ಲ "ಮಗಳು ಮನಸ್ಸಿನ ಶಾಸ್ತ್ರ ಕಲಿಯುತ್ತಾಳೆ" ಎಂದು ಹೇಳಿದರು. ಕಾಲನಿಗೆ ಸುದ್ದಿ ಮುಟ್ಟಲು ತಡವಾಗಲಿಲ್ಲ. ಕೆಳಗಿನ ಮನೆಯವರು ಬಂದು, ಮಗಳನ್ನು ನೋಡಿ ಹೋದ ಹುಡುಗನ ಮನಸ್ಸಿನಲ್ಲಿ ಏನಿದೆ ಸ್ವಲ್ಪ ನೋಡಿ ಹೇಳು ಎಂದರು. ಹುಡುಗ ಇದ್ದದ್ದು ಥಾಣೆಯಲ್ಲಿ. ಇನ್ನೊಬ್ಬರು ನಾನು ಎದುರು ಬಂದರೆ ಸೆರಗು ಸರಿಮಾಡಿಕೊಂಡು ಗೋಡೆಯ ಕಡೆ ನೋಡುತ್ತಿದ್ದರು, ಕಣ್ಣಲ್ಲಿ ಕಣ್ಣಿಟ್ಟರೆ ಒಳಗಿನದೆಲ್ಲ ಓದಿಬಿಡುತ್ತೇನೆ ಎಂಬ ಹೆದರಿಕೆಯಿಂದ. ನನಗೋ ಇಂಗ್ಲಿಷಿನ ಪಠ್ಯಪುಸ್ತಕ ಓದುವುದೇ ಕಷ್ಟವಾಗಿತ್ತು. ನಾನು ಕಲಿತದ್ದು ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ.

ಆ ವರ್ಷ ಹೊಸದೊಂದು ಪೇಪರ್ ಬಂದಿತ್ತು. ಹೆಸರು ಕಾಗ್ನಿಟಿವ್ ಸೈಕಾಲಜಿ. ಮನುಷ್ಯ ಹೇಗೆ ಗಮನಿಸುತ್ತಾನೆ, ಹೇಗೆ ನೆನಪಿಟ್ಟುಕೊಳ್ಳುತ್ತಾನೆ, ಹೇಗೆ ಯೋಚಿಸುತ್ತಾನೆ, ಅದರ ಪ್ರಾಥಮಿಕ ಪಾಠ. ಪಾಠ ಮಾಡುತ್ತಿದ್ದವರು ಮಿಸ್ ರೋಶನ್ ಎಂಬ ಪಾರ್ಸಿ ಹೆಂಗಸು. ಬಿಳಿ ಕೂದಲು, ತೋಳಿಲ್ಲದ ರವಿಕೆ, ಕೊರಳಲ್ಲಿ ತಾಳಿಯ ಜಾಗದಲ್ಲಿ ಒಂದು ಸ್ಟಾಪ್‌ವಾಚು. ಮೊದಲ ದಿನವೇ ನನ್ನ ಕಡೆ ಬೆರಳು ಮಾಡಿ "ಗಮನ ಅಂದರೇನು?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಉತ್ತರ ನನಗೆ ಗೊತ್ತಿತ್ತು, ಕನ್ನಡದಲ್ಲಿ. ಅದನ್ನು ಇಂಗ್ಲಿಷಿಗೆ ದಾಟಿಸುವಷ್ಟರಲ್ಲಿ ಹಿಂದಿನ ಬೆಂಚಿನಲ್ಲಿ ಕಿಸಿಕಿಸಿ ಶುರುವಾಯಿತು. ಕಾನ್ವೆಂಟಿನಿಂದ ಬಂದವರು ನಾಲ್ಕು ಕೈ ಎತ್ತಿದರು. ಮಿಸ್ ರೋಶನ್ ಅಂಗೈ ತೋರಿಸಿ ಎಲ್ಲರನ್ನೂ ತಡೆದರು. ನನ್ನನ್ನು ದುರುಗುಟ್ಟಿ ನೋಡಲೂ ಇಲ್ಲ, ಧೈರ್ಯ ಹೇಳಲೂ ಇಲ್ಲ. ಕನ್ನಡಕ ತೆಗೆದು ಸೀರೆಯ ತುದಿಯಿಂದ ಒರೆಸುತ್ತ ಕಿಟಕಿಯಾಚೆ ನೋಡುತ್ತ ನಿಂತರು, ಸಮಯವೆಲ್ಲ ನಮ್ಮದೇ ಎಂಬಂತೆ. ಕೊನೆಗೆ ನಾನು ಮುರುಕು ಇಂಗ್ಲಿಷಿನಲ್ಲಿ ಏನೋ ಹೇಳಿದೆ.

"ನೋಡಿದಿರಾ, ಉತ್ತರ ದಾರಿಯಲ್ಲಿತ್ತು" ಎಂದು ಅವರು ಕ್ಲಾಸಿಗೆ ಹೇಳಿ, ನನಗೆ "ಕೂತ್ಕೋ ಡಿಕ್ರಾ" ಎಂದರು. ಡಿಕ್ರಾ ಎಂದರೆ ಅವರ ಮಾತಿನಲ್ಲಿ ಮಗು. ಅವತ್ತಿನಿಂದ ನಾನು ಅವರ ಭಕ್ತೆ.

ಪ್ರತಿ ವಾರ ಪ್ರಾಕ್ಟಿಕಲ್ ಇರುತ್ತಿತ್ತು. ಒಬ್ಬರು ಪ್ರಯೋಗ ಮಾಡುವವರು, ಎದುರಿಗೆ ಕೂತವರು ಸಬ್ಜೆಕ್ಟ್. ಅಂಕಿಗಳನ್ನು ಓದಿ ಹೇಳಿಸುವುದು, ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಗೆರೆಯ ಮೇಲೆ ಪೆನ್ಸಿಲ್ ಓಡಿಸುವುದು, ಬಲ್ಬು ಹತ್ತಿದೊಡನೆ ಗುಂಡಿ ಒತ್ತಿಸುವುದು. ಎಲ್ಲ ಮುಗಿದ ಮೇಲೆ ಸಬ್ಜೆಕ್ಟನ್ನು "ಆ ಹೊತ್ತಿನಲ್ಲಿ ನಿಮ್ಮ ಮನಸ್ಸಿನಲ್ಲಿ ಏನು ನಡೆಯಿತು?" ಎಂದು ಕೇಳಬೇಕು, ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯಬೇಕು. ಅದು ನಿಯಮ. ನಿಯಮವನ್ನು ಯಾರು ಪಾಲಿಸುತ್ತಿದ್ದರು ಹೇಳಿ? ಹಿಂದಿನ ವರ್ಷದವರಿಂದ ಪರಂಪರೆಯಾಗಿ ಬಂದ ಒಂದು ವಾಕ್ಯವಿತ್ತು: ಸಬ್ಜೆಕ್ಟ್ ಉತ್ಸಾಹದಿಂದ ಸಹಕರಿಸಿದರು, ಕೊನೆಗೆ ಸ್ವಲ್ಪ ಆಯಾಸವಾಯಿತೆಂದರು. ನಮ್ಮ ತರಗತಿಯಲ್ಲಿ ವರ್ಷವಿಡೀ ಎಲ್ಲರ ಮನಸ್ಸಿನಲ್ಲೂ ಅದೊಂದೇ ನಡೆಯಿತು. ಮಿಸ್ ರೋಶನ್ ಮಾತ್ರ ಓದಿ ಓದಿ ನಿಟ್ಟುಸಿರು ಬಿಡುತ್ತಿದ್ದರು. "ಕೇಳಿ. ಕೇಳಿದ ಮೇಲೆ ಕಾಯಿರಿ. ನಡುವೆ ಮಾತು ಹಾಕಬೇಡಿ. ಅವರ ಮನಸ್ಸು ನಿಮ್ಮ ಸ್ವತ್ತಲ್ಲ" ಎನ್ನುತ್ತಿದ್ದರು.

ಈ ಪಾಠವನ್ನು ಮನೆಯಲ್ಲಿ ಪ್ರಯೋಗಿಸಲು ಹೋಗಿ ಸೋತೆ. ಅಣ್ಣನ ನೆನಪಿನ ಶಕ್ತಿ ಅಳೆಯೋಣವೆಂದು ಒಂದು ಭಾನುವಾರ ಅವನನ್ನು ಕೂರಿಸಿ ಅಂಕಿಗಳನ್ನು ಓದಿದೆ. ಅವನು ತಡವರಿಸುವುದೇ ತಡ, ಅಡಿಗೆಮನೆಯಿಂದ ಅಮ್ಮ "ಏಳು, ಏಳು!" ಎಂದು ಕೂಗಿದಳು. ಪಕ್ಕದ ಮನೆಯಿಂದ ಗೋಡೆಯಾಚೆಯೇ ಯಾರೋ "ಏಳಲ್ಲ, ಒಂಬತ್ತು" ಎಂದರು. ನಮ್ಮ ಬಿಲ್ಡಿಂಗಿನಲ್ಲಿ ಒಬ್ಬರೇ ಕೂತು ಏನನ್ನಾದರೂ ನೆನಪಿಸಿಕೊಳ್ಳುವ ಪದ್ಧತಿಯೇ ಇರಲಿಲ್ಲ. ಯಾರಾದರೂ "ಅದೇ, ಅವರ ಹೆಸರೇನು..." ಎಂದು ಆರಂಭಿಸಿದರೆ ಮೂರು ಬಾಗಿಲಿನಿಂದ ಹೆಸರು ಬರುತ್ತಿತ್ತು.

ಅದರಲ್ಲೂ ನಮ್ಮ ಅಮ್ಮ! ಅವಳ ತುಳು ಕೇಳಬೇಕಿತ್ತು ನೀವು. ನೀವು ಬಾಯಿ ತೆರೆಯುವ ಮೊದಲೇ ಉತ್ತರ, ಉತ್ತರದ ಹಿಂದೆ ಇನ್ನೊಂದು ಪ್ರಶ್ನೆ, ಅದಕ್ಕೂ ತಾನೇ ಉತ್ತರ. ನಲ್ಲಿಯ ಹತ್ತಿರ ಅವಳ ಜೊತೆ ಜಗಳಕ್ಕೆ ನಿಂತು ಗೆದ್ದವರಿಲ್ಲ. ಮನೆಯೊಳಗೆ ನಾವು ಆಡುತ್ತಿದ್ದುದು ಬರೀ ತುಳು. ಇಲ್ಲಿ ಅವಳ ಮಾತನ್ನು ನಿಮಗಾಗಿ ಕನ್ನಡ ಮಾಡಿ ಬರೆಯುತ್ತಿದ್ದೇನೆ. ಅಮ್ಮನಿಗೆ ಕನ್ನಡ ಬರುತ್ತಿರಲಿಲ್ಲ ಎಂದಲ್ಲ. ಬರುತ್ತಿತ್ತು, ಆದರೆ ಅದು ಯಕ್ಷಗಾನದಿಂದ ಕಲಿತ ಕನ್ನಡ. ಸಣ್ಣವಳಿದ್ದಾಗ ಊರಿನಲ್ಲಿ ಒಂದು ಆಟವನ್ನೂ ಬಿಡದೆ ನೋಡಿದವಳು. ಶಾಲೆಗೆ ಹೋದದ್ದು ಕಡಿಮೆ. ನಾನು ನಾಲ್ಕನೆಯ ಕ್ಲಾಸಿನಲ್ಲಿದ್ದಾಗ ಒಮ್ಮೆ ನಮ್ಮ ಟೀಚರನ್ನು ಕಾಣಲು ಬಂದು, ಸೆರಗು ಹೊದ್ದು, ಕೈಮುಗಿದು, "ಗುರುಗಳೇ, ನನ್ನ ಸುಪುತ್ರಿಯು ವಿದ್ಯಾಭ್ಯಾಸದಲ್ಲಿ ಎಂತಿರುವಳು?" ಎಂದು ಕೇಳಿದಳು. ಟೀಚರಿಗೆ ನಗು ತಡೆಯಲಾಗಲಿಲ್ಲ. ಕ್ಲಾಸಿಗೆ ಕ್ಲಾಸೇ ನಕ್ಕಿತು. ಅಮ್ಮ ಮನೆಗೆ ಬಂದು "ಇನ್ನು ನಾನು ಕನ್ನಡ ಆಡುವವಳಲ್ಲ" ಎಂದಳು. ಆಡಲೂ ಇಲ್ಲ.

ಇಂಥ ಮನೆಗೆ ಅಣ್ಣನ ಹೆಂಡತಿಯಾಗಿ ಬಂದವಳು ಗಿರಿಜತ್ತಿಗೆ. ಅಪ್ಪನ ಹೋಟೆಲಿನ ಪಾಲುದಾರರ ಸಂಬಂಧಿಕರ ಮಗಳು, ಕುಂದಾಪುರದ ಆಚೆಯವಳು. ಅವರ ಮನೆಮಾತು ಅಲ್ಲಿಯ ಕನ್ನಡ. ತುಳು ಕಿವಿಗೂ ಬಿದ್ದಿರಲಿಲ್ಲ. "ಬಂದ ಮೇಲೆ ಕಲಿಯುತ್ತಾಳೆ, ಅದೇನು ದೊಡ್ಡ ವಿದ್ಯೆಯಾ?" ಎಂದು ಅಮ್ಮ ನಿಶ್ಚಯ ಮಾಡಿದ್ದಳು. ಮದುವೆಯ ಮಾರನೆಯ ದಿನದಿಂದಲೇ ಅವಳ ಜೊತೆ ತುಳುವಿನಲ್ಲಿ, ತನ್ನ ಮಾಮೂಲು ವೇಗದಲ್ಲಿ, ಮಾತಾಡತೊಡಗಿದಳು. ಅತ್ತಿಗೆ ದೊಡ್ಡ ಕಣ್ಣು ಬಿಟ್ಟು ಅಮ್ಮನ ತುಟಿಯನ್ನೇ ನೋಡುತ್ತಿದ್ದಳು. ಬಾಯಿ ಇನ್ನೇನು ತೆರೆಯಬೇಕು, ಅಮ್ಮ ಸೌಟು ಹಿಡಿದು ಒಲೆಯ ಹತ್ತಿರ ಹೋಗಿರುತ್ತಿದ್ದಳು. ಹೊರಗೆ ಹೋದರೆ ಹಾಲಿನವನ ಹಿಂದಿ, ರೇಶನ್ ಅಂಗಡಿಯ ಮರಾಠಿ. ಅಲ್ಲಿಯೂ ಅತ್ತಿಗೆ ಸುಮ್ಮನೆ ನಿಲ್ಲುತ್ತಿದ್ದಳು. ಆರು ತಿಂಗಳಾಗುವಷ್ಟರಲ್ಲಿ ಬಿಲ್ಡಿಂಗಿನಲ್ಲೆಲ್ಲ ಅವಳಿಗೆ ಒಂದು ಹೆಸರು ಬಿತ್ತು: ಮಂದ.

ಅದನ್ನು ಮೊದಲು ಅಂದವಳು ಅಮ್ಮನೇ. "ಹುಡುಗಿ ಒಳ್ಳೆಯವಳು ಮಾರಾಯ್ತಿ, ಕೆಲಸಕ್ಕೆ ಕಳ್ಳಿಯಲ್ಲ. ಆದರೆ ಮಂದ. ಒಂದು ಮಾತು ಕೇಳಿದರೆ ಉತ್ತರ ಬರುವಾಗ ಅನ್ನ ಬೆಂದು ಆಗ್ತದೆ" ಎಂದು ಪಕ್ಕದ ಮನೆಯವರ ಹತ್ತಿರ ಹೇಳುತ್ತಿದ್ದಳು. ಕೆಟ್ಟ ಮನಸ್ಸಿನಿಂದ ಅಲ್ಲ. ಮಗನ ಬದುಕು ಏನಾಗುತ್ತದೋ ಎಂಬ ಕಳವಳದಿಂದ. ಅಣ್ಣ ಪೇಪರಿನ ಹಿಂದೆ ಅಡಗಿ ಕೂರುತ್ತಿದ್ದ. ಅವನ ಜೊತೆ ಅತ್ತಿಗೆ ಬಾಲ್ಕನಿಯಲ್ಲಿ ಪಿಸುಗುಟ್ಟುವುದನ್ನು ನಾನು ಕೇಳಿದ್ದೆ. ಆದರೆ ಅಮ್ಮನ ಎದುರಿಗೆ ಹೆಂಡತಿಯ ಪರವಾಗಿ ಒಂದು ಮಾತಾಡುವಷ್ಟು ದೊಡ್ಡವನಾಗಿರಲಿಲ್ಲ ಅವನು.

ಕೊನೆಗೆ ಅಮ್ಮ ಒಂದು ತೀರ್ಮಾನಕ್ಕೆ ಬಂದಳು. ನನ್ನ ಪರೀಕ್ಷೆ ಮುಗಿದ ಮೇಲಿನ ಭಾನುವಾರ ಅಣ್ಣ ಅತ್ತಿಗೆಯನ್ನು ಊರಿನ ಬಸ್ಸಿನಲ್ಲಿ ಕರೆದುಕೊಂಡು ಹೋಗಿ ತವರಿನಲ್ಲಿ ಬಿಟ್ಟು ಬರುವುದು. "ಸ್ವಲ್ಪ ಕಾಲ ತಾಯಿಯ ಹತ್ತಿರ ಇರಲಿ. ಆಮೇಲೆ ನೋಡುವ" ಎಂದಳು. ಈ "ಆಮೇಲೆ ನೋಡುವ" ಎಂಬುದರ ಅರ್ಥ ಕಾಲನಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಹಿಂದಿನ ಬಿಲ್ಡಿಂಗಿನಿಂದ ಹಾಗೆ ಹೋದವಳೊಬ್ಬಳ ಟ್ರಂಕು ಮಾತ್ರ ಇನ್ನೂ ಇಲ್ಲಿತ್ತು, ಅವಳು ತಿರುಗಿ ಬಂದಿರಲಿಲ್ಲ. ಬಸ್ಸಿನ ಟಿಕೇಟು ಬಂತು. ಹೋಗುವುದಕ್ಕೆ ಇಬ್ಬರದು, ಬರುವುದಕ್ಕೆ ಅಣ್ಣನೊಬ್ಬನದು. ಇಷ್ಟೆಲ್ಲ ಆಗುವಾಗ ನಿನಗೇನನ್ನಿಸುತ್ತದೆ ಎಂದು ಅತ್ತಿಗೆಯನ್ನು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ, ನಾನು ಪರೀಕ್ಷೆಗೆ ಗಮನ ಎಂದರೇನು ಎಂಬುದನ್ನು ಬಾಯಿಪಾಠ ಮಾಡುತ್ತಿದ್ದೆ.

ನಮ್ಮ ಪ್ರಾಕ್ಟಿಕಲ್ ಪರೀಕ್ಷೆಗೆ ಒಂದು ವಿಚಿತ್ರ ಕಟ್ಟಳೆ. ಪೆನ್ನು, ಪೆನ್ಸಿಲ್ ತಂದ ಹಾಗೆ ಪ್ರತಿಯೊಬ್ಬ ವಿದ್ಯಾರ್ಥಿ ಒಬ್ಬ ಸಬ್ಜೆಕ್ಟನ್ನು ಮನೆಯಿಂದ ತರಬೇಕು. ಸೈಕಾಲಜಿ ಓದಿದವರಾಗಿರಬಾರದು. ಸಬ್ಜೆಕ್ಟ್ ಇಲ್ಲದವರಿಗೆ ಪರೀಕ್ಷೆಯಿಲ್ಲ. ಹಾಗಾಗಿ ಮಾರ್ಚ್ ಬಂತೆಂದರೆ ಮುಂಬಯಿಯಲ್ಲಿ ಸೈಕಾಲಜಿಯ ಹುಡುಗಿಯರು ಮನುಷ್ಯರನ್ನು ಹುಡುಕಿಕೊಂಡು ಅಲೆಯುತ್ತಿದ್ದರು. ನಾನು ಕಾಲನಿಯಲ್ಲಿ ಕೇಳದ ಬಾಗಿಲಿಲ್ಲ. ತಲೆಗೆ ಕರೆಂಟು ಕೊಡುತ್ತಾರಂತೆ ಎಂದು ಯಾರೋ ಹಬ್ಬಿಸಿದ್ದರು. ಅಣ್ಣನಿಗೆ ರಜೆಯಿಲ್ಲ. ಉಳಿದವಳು ಅತ್ತಿಗೆ.

ಅಮ್ಮ ಹಣೆ ಚಚ್ಚಿಕೊಂಡಳು. "ಇವಳನ್ನಾ? ನಿನಗೆ ಪಾಸಾಗುವ ಮನಸ್ಸಿಲ್ಲವಾ?"

"ಅಮ್ಮ, ಸಬ್ಜೆಕ್ಟಿಗೆ ಮಾರ್ಕಿಲ್ಲ. ನಾನು ಸರಿಯಾಗಿ ಮಾಡಿಸಿದರೆ ಸಾಕು."

ಅತ್ತಿಗೆ ರೊಟ್ಟಿ ಕಾಯಿಸುತ್ತಿದ್ದಳು. ನಾನು ಕನ್ನಡದಲ್ಲಿ ಕೇಳಿದಾಗ ಹಂಚಿನಿಂದ ಕೈ ತೆಗೆದು "ನಾ ತಪ್ಪ್ ಮಾಡ್ರೆ ನಿಂಗ್ ಮಾರ್ಕ್ ಕಮ್ಮಿ ಆತ್ತಾ?" ಎಂದಳು. ಇಲ್ಲ ಎಂದೆ. "ಹಂಗಾರೆ ಬತ್ತೆ" ಎಂದಳು. ಬರುವುದು ಖಚಿತವಾದ ಮೇಲೆ ಅಮ್ಮನೂ ಹೊರಟಳು. ಬೋರಿಬಂದರದ ಜನಸಂದಣಿಯಲ್ಲಿ ಇವಳು ತಪ್ಪಿಹೋದರೆ ಪೊಲೀಸರಿಗೆ ತನ್ನ ಹೆಸರು ಹೇಳುವಾಗಲೇ ಸಂಜೆಯಾದೀತು ಎಂಬುದು ಅವಳ ಚಿಂತೆ. ಮೂವರೂ ಲೇಡೀಸ್ ಡಬ್ಬಿಯಲ್ಲಿ ಹೋದೆವು. ಅಮ್ಮನ ಮಡಿಲಲ್ಲಿ ಚಪಾತಿಯ ಡಬ್ಬ, ಅತ್ತಿಗೆಯ ಮಡಿಲಲ್ಲಿ ನಕ್ಷತ್ರದ ಪ್ರಯೋಗ ಬಂದರೆ ಬೇಕಾದೀತೆಂದು ತಂದ ನನ್ನ ಡ್ರಾಯಿಂಗ್ ಬೋರ್ಡು. ಮದುವೆಯಾಗಿ ಬಂದ ಮೇಲೆ ಅತ್ತಿಗೆ ಫೋರ್ಟ್ ನೋಡುತ್ತಿದ್ದುದು ಅದೇ ಮೊದಲು.

ಕಾಲೇಜಿನ ಬಾಗಿಲಲ್ಲೇ ನನ್ನ ಗೆಳತಿ ಹಂಸಾ ಅಳುತ್ತ ನಿಂತಿದ್ದಳು. ಗುಜರಾತಿ ಹುಡುಗಿ, ಕ್ಲಾಸಿನಲ್ಲಿ ನನ್ನ ಪಕ್ಕದಲ್ಲಿ ಕೂರುವವಳು. ಅವಳ ಸಬ್ಜೆಕ್ಟ್ ಆಗಬೇಕಿದ್ದ ಮಾವನ ಮಗಳಿಗೆ ಜ್ವರ. ಗಂಟೆ ಹೊಡೆಯಲು ಹೆಚ್ಚು ಸಮಯವಿರಲಿಲ್ಲ. ಹಂಸಾಳ ಕಣ್ಣು ಅಮ್ಮನ ಮೇಲೆ ಬಿತ್ತು. "ಮಾಸೀ, ಪ್ಲೀಸ್! ಬಸ್ ಥೋಡಾ ಬೈಠನಾ ಹೈ" ಎಂದು, ಸುಮ್ಮನೆ ಸ್ವಲ್ಪ ಕೂತರೆ ಸಾಕೆಂದು, ಎರಡೂ ಕೈ ಹಿಡಿದಳು. ಅಮ್ಮನಿಗೆ ಅಳುವವರನ್ನು ಕಂಡರೆ ತಡೆಯದು. ಅಲ್ಲದೆ ಸೊಸೆಯೇ ಕೂರುವ ಕುರ್ಚಿಯಲ್ಲಿ ತಾನು ಕೂರಲಾರೆನೆ? "ಎಂತ ಉಂಟು ಅದರಲ್ಲಿ?" ಎಂದು ಚಪಾತಿಯ ಡಬ್ಬ ನನ್ನ ಕೈಗೆ ಕೊಟ್ಟು ಒಳಗೆ ನಡೆದಳು.

ಚೀಟಿ ಎತ್ತಿದಾಗ ನನಗೆ ಬಲ್ಬಿನ ಪ್ರಯೋಗ ಬಂತು: ಕೆಂಪು ಹತ್ತಿದರೆ ಎಡಗೈಯ ಗುಂಡಿ, ಹಸಿರು ಹತ್ತಿದರೆ ಬಲಗೈಯದು. ಹಂಸಾಳಿಗೆ ಬಂದದ್ದು ಶಬ್ದಗಳ ಪ್ರಯೋಗ. ಅವಳೊಂದು ಶಬ್ದ ಹೇಳಬೇಕು, ಕೇಳಿದೊಡನೆ ಮನಸ್ಸಿಗೆ ಬಂದ ಮೊದಲ ಶಬ್ದವನ್ನು ಸಬ್ಜೆಕ್ಟ್ ಹೇಳಬೇಕು, ಸ್ಟಾಪ್‌ವಾಚಿನಲ್ಲಿ ವೇಳೆ ನೋಡಬೇಕು. ಬಲ್ಬಿನ ಪೆಟ್ಟಿಗೆ ಒಂದೇ ಇದ್ದುದರಿಂದ ನನ್ನ ಸರದಿ ಆಮೇಲೆ. ನಾನೂ ಅತ್ತಿಗೆಯೂ ಪಕ್ಕದ ಮೇಜಿನಲ್ಲಿ ಕೂತು ನೋಡುತ್ತಿದ್ದೆವು.

ಹಂಸಾ ಹಿಂದಿಯಲ್ಲಿ ಎಲ್ಲವನ್ನೂ ವಿವರಿಸಿದಳು. ಅಮ್ಮ ತಲೆಯಾಡಿಸಿದಳು. "ಪಾನಿ" ಎಂದಳು ಹಂಸಾ.

ಅಮ್ಮ ಅವಳ ಮುಖ ನೋಡಿದಳು. ಪಾಪ, ಹುಡುಗಿಗೆ ಬಾಯಾರಿಕೆ ಎಂದುಕೊಂಡು ಮೂಲೆಯಲ್ಲಿದ್ದ ಹೂಜಿಯನ್ನು ತೋರಿಸಿದಳು. ಹಂಸಾ ಮತ್ತೆ ವಿವರಿಸಿದಳು. "ಘರ್."

ಅಮ್ಮನ ತುಟಿ ಅಲುಗಿತು. ಶಬ್ದ ಬರಲಿಲ್ಲ. ತುಳುವಿನಲ್ಲಿ ಅವಳ ಬಾಯಿಯ ತುದಿಯಲ್ಲಿ ಎಷ್ಟು ಮಾತುಗಳು ಬಂದು ನಿಂತಿದ್ದವೋ ನನಗೆ ಕಾಣುತ್ತಿತ್ತು. ಅವನ್ನು ಹಿಂದಿ ಮಾಡಬೇಕು, ಅದೂ ಪೇಟೆಯಲ್ಲಿ ಕೊತ್ತಂಬರಿ ಚೌಕಾಶಿ ಮಾಡುವಷ್ಟೇ ಇದ್ದ ಹಿಂದಿಯಲ್ಲಿ. ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ಬಹಳ ಹೊತ್ತಿನ ಮೇಲೆ "ವಡಾಲ" ಎಂದಳು, ಟಿಕೇಟು ಕೇಳುವವಳ ಹಾಗೆ.

"ಮಾ."

ಅದಕ್ಕಂತೂ ಇನ್ನೂ ತಡವಾಯಿತು. "ಮರ್ ಗಯೀ" ಎಂದಳು ಕೊನೆಗೆ, ಸಣ್ಣ ದನಿಯಲ್ಲಿ. ತೀರಿಹೋದಳು.

ಹೊರಗಿನಿಂದ ಬಂದ ಪರೀಕ್ಷಕರು ಪುಣೆಯವರು. ದಪ್ಪ ಕನ್ನಡಕ, ಕೋಟು. ಮೇಜಿನಿಂದ ಮೇಜಿಗೆ ಸುತ್ತುತ್ತ ಬಂದು ಹಂಸಾಳ ಹಾಳೆಯ ಮೇಲೆ ಕಣ್ಣಾಡಿಸಿದರು. ವೇಳೆಯ ಅಂಕಿಗಳನ್ನು ನೋಡಿ ಹುಬ್ಬೇರಿಸಿದರು. "ಸಬ್ಜೆಕ್ಟ್ ಜರಾ ಮಂದ ಆಹೇ. ಚಾಲೇಲ್" ಎಂದು ಹಂಸಾಳಿಗೆ ಸಮಾಧಾನ ಹೇಳಿ ಮುಂದೆ ಹೋದರು. ಸಬ್ಜೆಕ್ಟ್ ಸ್ವಲ್ಪ ಮಂದ, ಪರವಾಗಿಲ್ಲ, ನಡೆಯುತ್ತದೆ. ಅವರಿಗೆ ಅದೊಂದು ಮಾತೇ ಅಲ್ಲ, ಹವೆಯ ಬಗ್ಗೆ ಹೇಳಿದಷ್ಟೇ ಸಹಜ.

ಅಮ್ಮನಿಗೆ ಮರಾಠಿ ಅಷ್ಟಕ್ಕಷ್ಟೆ. ಆದರೆ ಮಂದ ಎಂಬ ಮಾತಿಗೆ ಮರಾಠಿಯಾದರೇನು, ಕನ್ನಡವಾದರೇನು, ತುಳುವಾದರೇನು? ಅಮ್ಮನ ಮುಖ ನಾನು ಹಾಗೆ ಎಂದೂ ನೋಡಿರಲಿಲ್ಲ. ನಲ್ಲಿಯ ಹತ್ತಿರ ಯಾರಾದರೂ ಹಾಗೆ ಅಂದಿದ್ದರೆ ಅವರ ಏಳು ತಲೆಮಾರನ್ನು ಜಾಲಾಡಿಸಿರುತ್ತಿದ್ದಳು. ಇಲ್ಲಿ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು ಮೇಜಿನ ಅಂಚನ್ನು ನೋಡುತ್ತ ಕೂತಳು. ಅತ್ತಿಗೆ ಎದ್ದು ಹೋಗಿ ಹೂಜಿಯಿಂದ ನೀರು ತಂದು ಅಮ್ಮನ ಮುಂದಿಟ್ಟು, ಬಂದು ಕೂತಳು.

ನಮ್ಮ ಸರದಿ ಬಂತು. ನಾನು ಕನ್ನಡದಲ್ಲಿ ಒಮ್ಮೆ ಹೇಳಿಕೊಟ್ಟೆ. ಅತ್ತಿಗೆ ಎರಡು ಕೈಯನ್ನೂ ಗುಂಡಿಗಳ ಮೇಲಿಟ್ಟುಕೊಂಡಳು. ಕೆಂಪು ಹತ್ತಿತು, ಟಕ್. ಹಸಿರು, ಟಕ್. ನನ್ನ ಕಣ್ಣು ಬಲ್ಬಿನಿಂದ ಗಡಿಯಾರಕ್ಕೆ ತಿರುಗುವುದರೊಳಗೆ ಮುಗಿದಿರುತ್ತಿತ್ತು. ಒಂದೂ ತಪ್ಪಲಿಲ್ಲ. ಮಿಸ್ ರೋಶನ್ ಹಿಂದಿನಿಂದ ಬಂದು ನಿಂತರು. ಪರೀಕ್ಷಕರು ಪೆಟ್ಟಿಗೆ ಕೆಟ್ಟಿದೆಯೋ ಎಂಬ ಅನುಮಾನದಿಂದ ವೈರು ಅಲುಗಾಡಿಸಿ ನೋಡಿ, ಇನ್ನೊಮ್ಮೆ ಮಾಡಿಸಿದರು. ಅತ್ತಿಗೆ ಇನ್ನೊಮ್ಮೆ ಮಾಡಿದಳು, ಮೊದಲಿಗಿಂತ ಬೇಗ.

ಪ್ರಯೋಗ ಮುಗಿಯಿತು. ನಾನು ಅಭ್ಯಾಸಬಲದಿಂದ "ಸಬ್ಜೆಕ್ಟ್ ಉತ್ಸಾಹದಿಂದ ಸಹಕರಿಸಿದರು" ಎಂದು ಬರೆಯತೊಡಗಿದೆ. ಪರೀಕ್ಷಕರು ಹಾಳೆಯ ಮೇಲೆ ಬೆರಳಿಟ್ಟರು. "ಇದನ್ನು ಬೆಳಗ್ಗಿನಿಂದ ಎಲ್ಲರ ಹಾಳೆಯಲ್ಲೂ ಓದಿದ್ದೇನೆ. ಅವರನ್ನು ಕೇಳು. ಅವರು ಹೇಳಿದ್ದು ಬೇಕು."

ಕೇಳಿದೆ. "ಅತ್ತಿಗೆ, ಇದನ್ನು ಮಾಡುವಾಗ ನಿಮ್ಮ ಮನಸ್ಸಿನಲ್ಲಿ ಏನು ನಡೆಯಿತು?"

ಅತ್ತಿಗೆ ನನ್ನನ್ನು ನೋಡಿದಳು, ಸುಮ್ಮನಿದ್ದಳು. ನಾನು ಏನೋ ಹೇಳಿಕೊಡಲು ಬಾಯಿ ತೆರೆದೆ. ಮಿಸ್ ರೋಶನ್ ಕನ್ನಡಕ ತೆಗೆದು ಒರೆಸತೊಡಗಿದ್ದು ಕಂಡಿತು, ಬಾಯಿ ಮುಚ್ಚಿದೆ. ಕಾಯುವುದು ಎಷ್ಟು ಕಷ್ಟ ಎಂದು ಅವತ್ತು ತಿಳಿಯಿತು. ತಲೆಯ ಮೇಲೆ ಫ್ಯಾನು ಕಿರ್ ಎನ್ನುತ್ತಿತ್ತು. ಕಿಟಕಿಯಾಚೆ ಟ್ಯಾಕ್ಸಿಯೊಂದು ಹಾರನ್ ಹೊಡೆದು ಹೋಯಿತು. ಅತ್ತಿಗೆ ಗುಂಡಿಯ ಮೇಲೆ ಬೆರಳಾಡಿಸುತ್ತ ಇದ್ದಳು, ಆಮೇಲೆ ಮಾತಾಡಿದಳು.

"ದೀಪಕ್ಕೆ ಮಾತ್ ಬ್ಯಾಡ ಅಲ್ದಾ? ಅದ್ ಹತ್ತೂದ್, ನಾ ಒತ್ತೂದ್. ಸುಖ ಅನ್ನಿಸ್ತ್. ಮನಿಯಂಗೆ ಹಂಗಲ್ಲ. ಅತ್ತೆ ಎಂತಾರೂ ಕೇಂಡ್ರೆ ಅದ್ನ ಮೊದ್ಲ್ ನಮ್ ಮಾತಿಗ್ ತಕಣ್ಕ್. ಮತ್ತ್ ಉತ್ತರ ಹುಡ್ಕಕ್. ಮತ್ತ್ ಅದ್ನ ತುಳು ಮಾಡ್ಕ್. ಅಷ್ಟೊತ್ತಿಗೆ ಅವ್ರ್ ಮುಂದಿನ್ ಮಾತಿಗ್ ಹೋಯಿ ಆಯ್ತ್. ನನ್ ಉತ್ತರ ನನ್ ಬಾಯಂಗೇ ಉಳೀತ್ತ್." ಗುಂಡಿಯಿಂದ ಬೆರಳು ತೆಗೆದು, "ದಿನಾ ರಾಶಿ ಉಳೀತ್ತ್" ಎಂದಳು.

ದೂರಿನ ದನಿಯಲ್ಲ ಅದು. ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡಬೇಕೆಂದು ಕೊಟ್ಟ ಉತ್ತರ. ಅವಳು ಒಂದೇ ಸಲಕ್ಕೆ ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲೇ ಇಲ್ಲ. ಮೊದಲು ತನ್ನ ಮಾತಿಗೆ ತರಬೇಕು, ಉತ್ತರ ಹುಡುಕಬೇಕು, ಅದನ್ನು ತುಳು ಮಾಡಬೇಕು ಎಂದು ಇಂಗ್ಲಿಷಿನಲ್ಲಿ ಬರೆಯುತ್ತ ನನ್ನ ಕಣ್ಣು ಮಂಜಾಯಿತು. ಕ್ಲಾಸಿನ ಮೊದಲ ದಿನ ಬೆಂಚಿನ ಮುಂದೆ ನಿಂತ ನನಗೂ ಆದದ್ದು ಅದೇ ಅಲ್ಲವೆ? ಒಂದೇ ಮನೆಯಲ್ಲಿ ಇದ್ದು, ಒಂದೇ ಚಾಪೆಯ ಅಂಚಿನಲ್ಲಿ ಕೂತು ಗಮನದ ಅಧ್ಯಾಯ ಓದುತ್ತ, ಇದೊಂದು ನನ್ನ ಗಮನಕ್ಕೆ ಬಂದಿರಲಿಲ್ಲ. ಪರೀಕ್ಷಕರು ಓದಿ, "ಹ್ಞಾಂ, ಇದು ರಿಪೋರ್ಟು" ಎಂದರು. ಪಕ್ಕದ ಮೇಜಿನಲ್ಲಿ ಅಮ್ಮ ನೀರಿನ ಲೋಟ ಹಿಡಿದುಕೊಂಡು ಕೂತಿದ್ದಳು. ಕುಂದಾಪುರದ ಕನ್ನಡವೆಂದರೆ ಅವಳಿಗೇನು ಅರ್ಥವಾಗದ್ದಲ್ಲ. ಅವಳು ನೀರು ಕುಡಿಯಲಿಲ್ಲ.

ಫೋರ್ಟಿಗೆ ಬಂದರೆ ಅಪ್ಪನ ಹೋಟೆಲಿಗೆ ಹೋಗಿ, ಫ್ಯಾಮಿಲಿ ರೂಮಿನಲ್ಲಿ ಕೂತು, ಯಜಮಾನ್ತಿಯ ಗತ್ತಿನಲ್ಲಿ ಮಸಾಲೆದೋಸೆ ತಿನ್ನುವುದು ಅಮ್ಮನ ಪದ್ಧತಿ. ಅವತ್ತು ಹೋಟೆಲಿನ ಎದುರಿನ ಫುಟ್‌ಪಾತಿನಲ್ಲೇ ನಡೆದೆವು, ಅವಳು ಆ ಕಡೆ ತಿರುಗಲಿಲ್ಲ. ಟ್ರೇನಿನಲ್ಲಿ ಎದುರಿಗೆ ಕೂತವಳು ಬಟಾಣಿ ಸುಲಿಯುತ್ತಿದ್ದಳು; ಸಾಮಾನ್ಯವಾಗಿ ಅಮ್ಮ ಅದರ ರೇಟು ಕೇಳಿ, ಮೋಸಹೋದಿರಿ ಎಂದು ಸಾರಿ, ಸುಲಿಯಲು ಕೈಯನ್ನೂ ಸೇರಿಸಿರುತ್ತಿದ್ದಳು. ಅವತ್ತು ಕಿಟಕಿಯ ಸರಳು ಹಿಡಿದು ಹೊರಗೆ ನೋಡುತ್ತಿದ್ದಳು. ಅತ್ತಿಗೆಗೆ ಹೆದರಿಕೆ ಹತ್ತಿತ್ತು. "ನಾ ಎಂತಾರೂ ತಪ್ಪ್ ಹೇಳ್ದ್ನಾ ಶಾರದಾ?" ಎಂದು ಕಿವಿಯಲ್ಲಿ ಕೇಳಿದಳು. ಇಲ್ಲ ಎಂದೆ. ಆದರೆ ನನಗೂ ಹೆದರಿಕೆಯೇ. ಭಾನುವಾರಕ್ಕೆ ಹೆಚ್ಚು ದಿನ ಉಳಿದಿರಲಿಲ್ಲ. ಅತ್ತಿಗೆಯ ಟ್ರಂಕು ಮಂಚದ ಕೆಳಗಿನಿಂದ ಆಗಲೇ ಹೊರಗೆ ಬಂದಿತ್ತು.

ಮನೆ ಮುಟ್ಟುವಾಗ ಸಂಜೆ. ಅಣ್ಣ ವರ್ಕ್‌ಶಾಪಿನಿಂದ ಬಂದು ಪೇಪರು ಬಿಡಿಸಿ ಕೂತಿದ್ದ. ಅಮ್ಮ ಕೈಕಾಲು ತೊಳೆದು, ಸ್ಟವ್ ಹೊತ್ತಿಸಿ ಚಹಾಕ್ಕೆ ಹಾಲಿಟ್ಟಳು. ಅತ್ತಿಗೆ ಲೋಟ ಜೋಡಿಸುತ್ತಿದ್ದಳು. ಅಮ್ಮ ಒಲೆಗೆ ಬೆನ್ನು ಹಾಕಿ ಅವಳ ಕಡೆ ತಿರುಗಿ ನಿಂತಳು. ಸೆರಗು ಎಳೆದು ಹೊದ್ದುಕೊಂಡಳು. ಗಂಟಲು ಸರಿಮಾಡಿಕೊಂಡಳು. ಆಮೇಲೆ, ನಾನು ನಾಲ್ಕನೆಯ ಕ್ಲಾಸಿನಲ್ಲಿದ್ದಾಗಿನಿಂದ ಆಡದ ಕನ್ನಡವನ್ನು ಆಡಿದಳು.

"ಮಗಳೇ, ತವರಿಗೆ ತೆರಳುವ ವಿಷಯದಲ್ಲಿ ನಿನ್ನ ಮನದ ಇಂಗಿತವೇನು?"

ಅಣ್ಣನ ಪೇಪರು ಕೆಳಗಿಳಿಯಿತು. ಅವನ ಮುಖದಲ್ಲಿ ನಗು ಹೊರಟದ್ದನ್ನು ಕಂಡು ನಾನು ಅವನ ಕಾಲು ತುಳಿದೆ. ಅಮ್ಮನ ಕಿವಿ ಕೆಂಪಾಗಿತ್ತು. ನಗುತ್ತಾರೆಂದು ಗೊತ್ತಿದ್ದೇ ಆಡಿದ ಮಾತು ಅದು.

ಅತ್ತಿಗೆ ಲೋಟ ಹಿಡಿದು ನಿಂತಳು. ಉತ್ತರ ಬರಲಿಲ್ಲ. ಅಣ್ಣ "ಅದು ಅಮ್ಮ, ಅವಳು ಏನು ಹೇಳ್ತಾಳೆ ಅಂದರೆ..." ಎಂದು ಶುರುಮಾಡಿದ. ಅಮ್ಮ ಅಂಗೈ ಎತ್ತಿ ಅವನನ್ನು ತಡೆದಳು. ಎತ್ತಿದ ಕೈ ಹಾಗೆಯೇ ಇತ್ತು. ಪಕ್ಕದ ಮನೆಯಲ್ಲಿ ರೇಡಿಯೋ ಹಚ್ಚಿದರು. ಕೆಳಗೆ ಯಾರೋ ಯಾರನ್ನೋ ಕರೆದರು. ನಮ್ಮ ಅಮ್ಮ, ಜೀವಮಾನದಲ್ಲಿ ಯಾರ ಉತ್ತರಕ್ಕೂ ಕಾಯದವಳು, ಸೊಸೆಯ ಮುಖ ನೋಡುತ್ತ ಕಾಯುತ್ತಿದ್ದಳು. ಹಿಂದುಗಡೆ ಹಾಲು ಮೇಲೇರುತ್ತಿರುವುದು ನನಗೆ ಕಾಣುತ್ತಿತ್ತು. ನಾನು ಅಲುಗಲಿಲ್ಲ. ಹೋದರೆ ಹಾಲು ತಾನೆ ಹೋಗುವುದು?

ಅತ್ತಿಗೆಯ ತುಟಿ ಒಂದೆರಡು ಸಲ ಅಲುಗಿತು. ಅವಳು ದಾಟಿಸುತ್ತಿದ್ದಳು.

"ಪೋದು ಬರ್ಪೆ, ಮಾಮಿ" ಎಂದಳು ತುಳುವಿನಲ್ಲಿ. ಹೋಗಿ ಬರ್ತೇನೆ, ಅತ್ತೆ.

ಅಮ್ಮ ಎತ್ತಿದ ಕೈಯನ್ನು ಇಳಿಸಿದಳು. ಅಣ್ಣನ ಕಡೆ ತಿರುಗಿ ತನ್ನ ಎಂದಿನ ತುಳುವಿನಲ್ಲಿ, ಎಂದಿನ ವೇಗದಲ್ಲಿ, "ಕೇಳಿತಲ್ಲ? ನಾಳೆಯೇ ಹೋಗಿ ಇವಳಿಗೂ ಬರುವ ಟಿಕೇಟು ಮಾಡಿಸು. ಎಂಟು ದಿನ ಸಾಕು" ಎಂದಳು. ಅಷ್ಟರಲ್ಲಿ ಸ್ಟವ್ ಚುಂಯ್ ಎಂದಿತು. ಅಮ್ಮ ಗಕ್ಕನೆ ತಿರುಗಿ ನೋಡಿದಳು. ಬಾಯಿಯಿನ್ನೂ ಕನ್ನಡದಿಂದ ಪೂರ್ತಿ ಹೊರಬಂದಿರಲಿಲ್ಲವೋ ಏನೋ, "ಅಕಟಕಟಾ, ಕ್ಷೀರವೆಲ್ಲ ಅಗ್ನಿಯ ಪಾಲಾಯಿತಲ್ಲಾ!" ಎಂದು ಕೂಗಿದಳು.

ಅತ್ತಿಗೆ ನಕ್ಕಳು. ಲೋಟ ಕೆಳಗಿಟ್ಟು, ಸೆರಗು ಬಾಯಿಗೊತ್ತಿ, ಬಿದ್ದು ಬಿದ್ದು ನಕ್ಕಳು. ಆ ಮನೆಗೆ ಬಂದ ಮೇಲೆ ಅವಳ ನಗು ನಮಗೆ ಕೇಳಿಸಿದ್ದು ಅದೇ ಮೊದಲು. ಅದು ಒಂದು ಕ್ಷಣವೂ ತಡವಾಗಿ ಬರಲಿಲ್ಲ.